ಮೊದಲ ಐವರ ಪಟ್ಟಿ: ನಾನು ಹಾಕುವ ಕ್ರಮ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ಟಾರ್ಟಿಂಗ್ ಫೈವ್, ಅಂದರೆ ಪಂದ್ಯ ಶುರುವಾಗುವಾಗ ಕೋರ್ಟಿಗೆ ಇಳಿಯುವ ಐವರ ಬಗ್ಗೆ ವಾದ ಶುರುವಾದರೆ ನಾನು ಮೊದಲು ಬರೆಯುವುದು ಎದುರು ತಂಡದ ಐದು ಹೆಸರು. ಒಬ್ಬೊಬ್ಬರ ಮುಂದೆ ನಮ್ಮ ಕಡೆಯಿಂದ ಅವನನ್ನು ಮಾರ್ಕ್ ಮಾಡುವವರು, ಅಂದರೆ ಬೆನ್ನಿಗೆ ಬಿದ್ದು ತಡೆಯುವವರು ಯಾರು ಅಂತ ತುಂಬುತ್ತಾ ಹೋಗುತ್ತೇನೆ. ಮೊದಲೆಲ್ಲ ಒಂದು ಜಾಗ ಖಾಲಿ ಉಳಿದರೂ ಆ ಪಟ್ಟಿ ನನಗೆ ಬೇಡವಾಗಿತ್ತು, ಅದರಲ್ಲಿ ಎಂಥ ದೊಡ್ಡ ಹೆಸರಿದ್ದರೂ ಸರಿ.

ಕಾರವಾರದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು ಕಡಿಮೆ. ಕಾಲೇಜು ತಂಡದಲ್ಲಿ ಜೊತೆಗೆ ಆಡಿದ ನಾವು ಕೆಲವರು ಮಾತ್ರ ಬಿಟ್ಟಿಲ್ಲ. ಫೈನಲ್ ಸರಣಿ (ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್) ಬರುವುದು ಜೂನ್‌ನಲ್ಲಿ, ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಪಂದ್ಯ ಬೆಳಿಗ್ಗೆ ಆರರ ಸುಮಾರಿಗೆ. ಮುಗಿದ ಮೇಲೆ ಕೋಡಿಬಾಗದಲ್ಲಿ ಚಹಾ, ಬನ್ಸ್, ವಾದ, ಆಮೇಲೆ ಕೆಲಸಕ್ಕೆ.

2023ರ ಫೈನಲ್‌ನಲ್ಲಿ ಡೆನ್ವರ್ ನಗೆಟ್ಸ್‌ನ ಮೈಕಲ್ ಪೋರ್ಟರ್‌ಗೆ ತ್ರೀ ಪಾಯಿಂಟರ್ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಬೀಳುತ್ತಲೇ ಇರಲಿಲ್ಲ. ಅದೇ ತಂಡದ ಬೆಂಚಿನಿಂದ ಬದಲಿಯಾಗಿ ಬಂದ ಬ್ರೂಸ್ ಬ್ರೌನ್ ನಾಲ್ಕನೇ ಪಂದ್ಯದಲ್ಲಿ 21 ಪಾಯಿಂಟ್ ಹೊಡೆದ. ಸದಾಶಿವಗಡದ ಗೆಳೆಯ ಕುದಿಯುತ್ತಿದ್ದ: "ಬ್ರೌನ್‌ನ ಕೂರಿಸಿ ಪೋರ್ಟರ್‌ನ ಇಳಿಸೋದು ಯಾವ ನ್ಯಾಯ ಮಾರಾಯ?"

ಕಾಗದ ತೆಗೆದೆ. ಎದುರು ತಂಡ ಮಯಾಮಿಯ ಜಿಮ್ಮಿ ಬಟ್ಲರ್‌ಗೆ ಡೆನ್ವರ್‌ನ ಆರನ್ ಗಾರ್ಡನ್, ಬ್ಯಾಮ್ ಅಡೆಬಾಯೊಗೆ ಡೆನ್ವರ್‌ನ ದೊಡ್ಡ ಆಳು ಯೋಕಿಚ್. ಎರಡನೇ ಪಂದ್ಯದಿಂದ ಅವರು ಎತ್ತರದ ಕೆವಿನ್ ಲವ್‌ನನ್ನು ಮೊದಲಿಗೇ ಇಳಿಸುತ್ತಿದ್ದರು. ಪೋರ್ಟರ್ ಇಲ್ಲದಿದ್ದರೆ ಲವ್ ಎದುರು ಯಾರು? ಬ್ರೌನ್ ಗಿಡ್ಡ. ಡೆನ್ವರ್ ಕೋಚ್ ಮೈಕಲ್ ಮಲೋನ್ ಐವರನ್ನು ಬದಲಿಸಲಿಲ್ಲ. ಐದನೇ ಪಂದ್ಯ 94–89ಕ್ಕೆ ಗೆದ್ದು ಡೆನ್ವರ್ ಚಾಂಪಿಯನ್ ಆದಾಗ ಅದೇ ಪೋರ್ಟರ್ 16 ಪಾಯಿಂಟ್ ಜೊತೆ 13 ರಿಬೌಂಡ್ (ಶಾಟ್ ತಪ್ಪಿ ಪುಟಿದು ಬಂದ ಚೆಂಡು) ಹಿಡಿದಿದ್ದ.

ಗೆಳೆಯ ಸೋಲುವವನಲ್ಲ. "2015ರಲ್ಲಿ ಸ್ಟೀವ್ ಕೆರ್ ಬದಲಿಸಲಿಲ್ವಾ?" ಅಂದ. ಒಳ್ಳೆಯ ಪ್ರಶ್ನೆ, ನನ್ನ ಕ್ರಮಕ್ಕೆ ನಿಜವಾದ ಪರೀಕ್ಷೆಯೂ ಅದೇ. ಆ ವರ್ಷದ ಫೈನಲ್‌ನಲ್ಲಿ ಕೆರ್ ಕೋಚ್ ಆಗಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕ್ಲೀವ್‌ಲ್ಯಾಂಡ್ ಎದುರು 1–2ರಿಂದ ಹಿಂದಿತ್ತು. ಕೆರ್ ಏಳಡಿಯ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ, ಆ ಸೀಸನ್‌ನ ಲೀಗ್ ಹಂತದಲ್ಲಿ ಒಂದು ಪಂದ್ಯವನ್ನೂ ಶುರು ಮಾಡಿರದ ಆಂಡ್ರೆ ಇಗ್ವೊಡಾಲನನ್ನು ಇಳಿಸಿದ. ನನ್ನ ಕಾಗದದ ಪ್ರಕಾರ ಕ್ಲೀವ್‌ಲ್ಯಾಂಡ್‌ನ ದೊಡ್ಡ ಆಳು ಟಿಮೊಫೆ ಮೊಜ್‌ಗೋವ್ ಎದುರಿನ ಜಾಗ ಖಾಲಿ. ಕ್ಲೀವ್‌ಲ್ಯಾಂಡ್ 7–0 ಮುಂದೆ ಹೋಯಿತು, ಮೊಜ್‌ಗೋವ್ 28 ಪಾಯಿಂಟ್ ಹೊಡೆದ. ಆದರೂ ವಾರಿಯರ್ಸ್ ಗೆದ್ದಿದ್ದು 103–82!

ಕೆರ್ ಆ ಜಾಗವನ್ನು ಗೊತ್ತಿದ್ದೇ ಬಿಟ್ಟುಕೊಟ್ಟಿದ್ದ. ಬದಲಿಗೆ ಸಿಕ್ಕಿದ್ದು ಓಟದ ವೇಗ: ಎದುರಿನ ದೊಡ್ಡ ಆಳು ಹಿಂದಕ್ಕೆ ಓಡಿ ಬರುವುದರೊಳಗೆ ಶಾಟ್ ಹೋಗಿರುತ್ತದೆ. ಮುಂದಿನ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಕೋಚ್ ಮೊಜ್‌ಗೋವ್‌ಗೆ ಕೊಟ್ಟಿದ್ದು 9 ನಿಮಿಷ ಮಾತ್ರ. ಕಪ್ ವಾರಿಯರ್ಸ್‌ಗೆ, ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಇಗ್ವೊಡಾಲನಿಗೆ.

ಅಂದಿನಿಂದ ಖಾಲಿ ಜಾಗದ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ: ಇದನ್ನು ಬಿಟ್ಟುಕೊಟ್ಟರೆ ನಮಗೇನು ಸಿಗುತ್ತದೆ? ಉತ್ತರ ಇದ್ದರೆ ಪಟ್ಟಿ ಉಳಿಯುತ್ತದೆ. ಬ್ರೌನ್ ವಿಷಯದಲ್ಲಿ ಗೆಳೆಯನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಡೆನ್ವರ್‌ನ ಆಟ ವೇಗದ್ದಲ್ಲ, ಯೋಕಿಚ್‌ನ ಪಾಸಿನದು.

ಆದರೆ 48 ನಿಮಿಷದ ಆಟಕ್ಕೆ ಒಂದೇ ಪಟ್ಟಿ ಸಾಲದು. ಬ್ರೌನ್‌ನ ಆ 21ರಲ್ಲಿ 11 ಪಾಯಿಂಟ್ ಬಂದಿದ್ದು ಕೊನೆಯ ಕ್ವಾರ್ಟರ್‌ನಲ್ಲಿ. ಹಾಗಾಗಿ ಈಗ ಕಾಗದದ ಹಿಂಬದಿಯಲ್ಲಿ ಕೊನೆಯ ಐದು ನಿಮಿಷದ ಐವರನ್ನು ಬೇರೆ ಬರೆಯುತ್ತೇವೆ. ಗೆಳೆಯ ಅಲ್ಲಿ ಬ್ರೌನ್ ಹೆಸರು ಬರೆದ. ನಾನು ತಕರಾರು ಮಾಡಲಿಲ್ಲ.