ಕಾವಿನ ಡಬ್ಬಿಯಲ್ಲಿ ನೀರು ಎಷ್ಟಿರಬೇಕು?

ನನ್ನ ತವರು ತೀರ್ಥಹಳ್ಳಿ ಹತ್ತಿರ, ಕೊಟ್ಟ ಮನೆ ಹಿರಿಯೂರಿನ ಹತ್ತಿರ. ಮದುವೆಯಾಗಿ ಬರುವಾಗ ಬೀರು, ಮಂಚದ ಜೊತೆ ನನ್ನ ಇನ್‌ಕ್ಯುಬೇಟರ್, ಅಂದರೆ ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಡಬ್ಬಿ, ಕೂಡ ಬಂತು. ಮೀನು ತುಂಬಿ ಬರುವ ಥರ್ಮಾಕೋಲ್ ಡಬ್ಬಿ, ಎರಡು ಬಲ್ಬು, ಹಳೆ ಕಂಪ್ಯೂಟರಿನ ಫ್ಯಾನು, ಬಿಸಿಯನ್ನು ಒಂದೇ ಸಮ ಇಡುವ ಒಂದು ಥರ್ಮೋಸ್ಟಾಟ್. ಅಷ್ಟೇ. ಈ ಒಂದೇ ಡಬ್ಬಿಯಲ್ಲಿ ಎರಡೂ ಊರಲ್ಲಿ ಮರಿಗಳನ್ನು ಕಳೆದುಕೊಂಡಿದ್ದೇನೆ. ಅಲ್ಲಿ ನೀರು ಜಾಸ್ತಿಯಾಗಿ, ಇಲ್ಲಿ ಕಡಿಮೆಯಾಗಿ.

ತೀರ್ಥಹಳ್ಳಿಯ ಕಥೆ ಮೊದಲು. ಜುಲೈ ತಿಂಗಳು, 24 ನಾಟಿ ಮೊಟ್ಟೆ. ಥರ್ಮೋಸ್ಟಾಟ್ ಮಾರಿದವರು ‘ನೀರು ಮಾತ್ರ ಖಾಲಿಯಾಗೋಕೆ ಬಿಡಬೇಡಿ’ ಅಂದಿದ್ದರು. ನಾನು ಭಕ್ತಿಯಿಂದ ಎರಡು ಬಟ್ಟಲು ತುಂಬಿಸಿಟ್ಟೆ. ಗಾಳಿಯ ತೇವ ಅಳೆಯುವ ಮೀಟರ್ ನೂರಕ್ಕೆ 65 ತೋರಿಸುತ್ತಿತ್ತು, ನನಗೆ ಖುಷಿ. 21ನೇ ದಿನ ಹೊರಬಂದದ್ದು 7 ಮರಿ. ಉಳಿದವನ್ನು ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿಗಳು, ಊದಿಕೊಂಡು, ಒದ್ದೆಯಾಗಿ, ಚಿಪ್ಪು ಕುಟ್ಟುವ ಮುಂಚೆಯೇ ಸತ್ತಿದ್ದವು.

ಯಾಕೆ ಹೀಗಾಯಿತು ಅಂತ ತಿಳಿಯಲು ಮೊಟ್ಟೆಯ ದಪ್ಪ ತುದಿ ನೋಡಬೇಕು. ಅಲ್ಲೊಂದು ಗಾಳಿ ಜಾಗ ಇರುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿನ ನೀರು ದಿನಾ ಸ್ವಲ್ಪ ಸ್ವಲ್ಪ ಆವಿಯಾಗಿ ಹೋದ ಹಾಗೆ ಆ ಜಾಗ ದೊಡ್ಡದಾಗುತ್ತದೆ. ಮರಿ ತನ್ನ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲಿಂದಲೇ. ಡಬ್ಬಿಯಲ್ಲಿ ತೇವ ಜಾಸ್ತಿಯಾದರೆ ನೀರು ಹೊರಹೋಗುವುದಿಲ್ಲ, ಗಾಳಿ ಜಾಗ ಚಿಕ್ಕದಾಗೇ ಉಳಿಯುತ್ತದೆ, ಮರಿಗೆ ಉಸಿರೂ ಇಲ್ಲ, ತಿರುಗಲು ಜಾಗವೂ ಇಲ್ಲ. ತೇವ ತೀರಾ ಕಡಿಮೆಯಾದರೆ ಒಳಗಿನ ಪೊರೆ ಒಣಗಿ, ಮರಿಯ ಮೈಗೇ ಅಂಟಿಕೊಳ್ಳುತ್ತದೆ. ನನಗೆ ಹಿರಿಯೂರಲ್ಲಿ ಮಾರ್ಚ್‌ನಲ್ಲಿ ಆದದ್ದು ಇದು. ಕುಟ್ಟಿದ ಮರಿಗಳು ಕುಟ್ಟಿದಲ್ಲೇ ಸಿಕ್ಕಿಕೊಂಡಿದ್ದವು.

ಎಲ್ಲರೂ ಹೇಳುವ ಲೆಕ್ಕ ಇದು: ಕೋಳಿ ಮೊಟ್ಟೆಗೆ ಫ್ಯಾನಿರುವ ಡಬ್ಬಿಯಲ್ಲಿ 37.5 ಡಿಗ್ರಿ ಬಿಸಿ, ಮೊದಲ 18 ದಿನ ತೇವ 45ರಿಂದ 55, ಕೊನೆಯ ಮೂರು ದಿನ 65ರಿಂದ 75. ತಪ್ಪೇನಿಲ್ಲ. ಆದರೆ ಅದನ್ನು ತೋರಿಸುವ ಮೀಟರನ್ನು ನಂಬಬಹುದಾ ಅನ್ನುವುದು ಬೇರೆ ಪ್ರಶ್ನೆ.

ಅಗ್ಗದ ಮೀಟರುಗಳು ಸುಳ್ಳು ಹೇಳುತ್ತವೆ. ನನ್ನದು 7 ಕಡಿಮೆ ತೋರಿಸುತ್ತದೆ. ಇದನ್ನು ಅಡಿಗೆ ಉಪ್ಪಿನಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟೇ ನೀರು ಚಿಮುಕಿಸಿ. ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. ನನ್ನದು 68 ತೋರಿಸಿತು. ಅವತ್ತಿನಿಂದ ಅದರ ಬೆನ್ನಿಗೆ ‘+7’ ಅಂತ ಬರೆದು ಅಂಟಿಸಿದ್ದೇನೆ.

ಇನ್ನು ಊರಿನ ವಿಷಯ. ಬಿಸಿ ಗಾಳಿಗೆ ದಾಹ ಜಾಸ್ತಿ. ಹೊರಗಿನ ಗಾಳಿ ಡಬ್ಬಿಯೊಳಗೆ ಬಂದು ಬಿಸಿಯಾದಾಗ ಅದರಲ್ಲಿರುವ ನೀರು ಅಷ್ಟೇ ಇದ್ದರೂ ಮೀಟರಿನ ಅಂಕಿ ಇಳಿಯುತ್ತದೆ. ತವರಲ್ಲಿ ಜುಲೈನಲ್ಲಿ ಹೊರಗೆ 24 ಡಿಗ್ರಿ, ತೇವ 95. ಅದೇ ಗಾಳಿ 37.5 ಡಿಗ್ರಿಗೆ ಬಿಸಿಯಾದರೆ 44ಕ್ಕೆ ಬರುತ್ತದೆ. ಅಂದರೆ ಒಂದು ಹನಿ ನೀರಿಡದೆಯೇ ಬೇಕಾದಷ್ಟು ತೇವ ಇತ್ತು! ನಾನು ಅದರ ಮೇಲೆ ಎರಡು ಬಟ್ಟಲು ನೀರು ಸುರಿದಿದ್ದೆ. ಹಿರಿಯೂರಲ್ಲಿ ಮಾರ್ಚ್ ಮಧ್ಯಾಹ್ನ ಹೊರಗೆ 34 ಡಿಗ್ರಿ, ತೇವ 25 ಇದ್ದರೆ, ಡಬ್ಬಿಯೊಳಗೆ ಅದು 20ರ ಹತ್ತಿರಕ್ಕೆ ಬೀಳುತ್ತದೆ. ಅಲ್ಲಿ ನೀರಿಲ್ಲದೆ ನಡೆಯುವುದೇ ಇಲ್ಲ.

ಹಿರಿಯೂರಲ್ಲಿ ನಾನು ನೀರು ಇಟ್ಟಿದ್ದೆ, ಆದರೆ ಉದ್ದ ಲೋಟದಲ್ಲಿ. ಅದೇ ತಪ್ಪಾದದ್ದು. ಆವಿಯಾಗುವುದು ನೀರಿನ ಮೇಲ್ಭಾಗ ಮಾತ್ರ. ಲೋಟದಲ್ಲಿ ಒಂದು ಲೀಟರ್ ಇದ್ದರೂ ಬಾಯಿ ಚಿಕ್ಕದು. ಅದರ ಕಾಲು ಭಾಗದ ನೀರನ್ನು ಅಗಲ ತಟ್ಟೆಗೆ ಹಾಕಿದ ಕೂಡಲೇ ಮೀಟರ್ ಏರಿತು. ಇನ್ನೂ ಬೇಕಾದರೆ ತಟ್ಟೆಯಲ್ಲಿ ಒಂದು ಸ್ಪಂಜು ನಿಲ್ಲಿಸಿ, ಅದು ನೀರು ಹೀರಿ ಎಲ್ಲ ಕಡೆಯಿಂದ ಬಿಡುತ್ತದೆ. ತೇವ ಏರಲಿ ಅಂತ ಗಾಳಿ ತೂತು ಮುಚ್ಚಬೇಡಿ. ಮೊಟ್ಟೆಯೊಳಗಿನ ಜೀವಕ್ಕೂ ಉಸಿರು ಬೇಕು, ಕೊನೆಯ ದಿನಗಳಲ್ಲಿ ಇನ್ನೂ ಜಾಸ್ತಿ ಬೇಕು.

ನೀರು ತುಂಬಲು ಪ್ರತಿಸಲ ಮುಚ್ಚಳ ತೆಗೆಯಬಾರದು. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲೂಕೋಸ್ ಪೈಪನ್ನು ಡಬ್ಬಿಯ ಗೋಡೆಯಲ್ಲಿ ತೂರಿಸಿ ತಟ್ಟೆಗೆ ಬಿಟ್ಟಿದ್ದೇನೆ. ಹೊರಗಿಂದಲೇ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಬಿಡುತ್ತೇನೆ. ತಣ್ಣೀರು ಹಾಕಿದರೆ ಡಬ್ಬಿ ತಣ್ಣಗಾಗಿ ಬಲ್ಬು ಒದ್ದಾಡುತ್ತದೆ.

ಇಷ್ಟಾದರೂ ನಾನು ಮೀಟರಿಗಿಂತ ಜಾಸ್ತಿ ನಂಬುವುದು ತಕ್ಕಡಿಯನ್ನು. ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಮ್ ತೋರಿಸಿದರಾಯಿತು. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದ ನೂರಕ್ಕೆ ಸುಮಾರು 12ರಷ್ಟು ಕಳೆದುಕೊಂಡಿರಬೇಕು. 11ರಿಂದ 14ರೊಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ನಾಟಿ ಮೊಟ್ಟೆ ಒಂದಕ್ಕೆ ಸರಾಸರಿ 45 ಗ್ರಾಮ್. 30 ಮೊಟ್ಟೆಗೆ 1350. ಅದರ ನೂರಕ್ಕೆ 12 ಅಂದರೆ 162 ಗ್ರಾಮ್. 18 ದಿನಕ್ಕೆ ಹಂಚಿದರೆ ದಿನಕ್ಕೆ 9 ಗ್ರಾಮ್. 7ನೇ ದಿನ ಟ್ರೇ ಸಮೇತ ಇಟ್ಟು ನೋಡುತ್ತೇನೆ. (ಖಾಲಿ ಟ್ರೇಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ, ನಾನೊಮ್ಮೆ ಮರೆತು ಪೇಚಾಡಿದ್ದೇನೆ.) 63 ಗ್ರಾಮ್ ಇಳಿದಿದ್ದರೆ ಸರಿ. 40 ಮಾತ್ರ ಇಳಿದಿದ್ದರೆ ತಟ್ಟೆ ಹೊರಗೆ. 90 ಇಳಿದಿದ್ದರೆ ಇನ್ನೂ ಅಗಲದ ತಟ್ಟೆ ಒಳಗೆ. 14ನೇ ದಿನ ಮತ್ತೆ ತೂಗುತ್ತೇನೆ. ಎರಡು ನಿಮಿಷ ಹೊರಗಿದ್ದರೆ ಮೊಟ್ಟೆಗೇನೂ ಆಗುವುದಿಲ್ಲ. ಕಾವಿಗೆ ಕೂತ ಹೇಂಟೆಯೂ ಮೇಯಲು ಎದ್ದು ಹೋಗುತ್ತದೆ ಅಲ್ವಾ?

7ನೇ ದಿನ ಒಳಗೆ ಮರಿ ಬೆಳೆಯುತ್ತಿದೆಯಾ ಅಂತ ಮೊಟ್ಟೆಗೆ ಟಾರ್ಚ್ ಹಿಡಿದಾಗ ಗೊಡ್ಡು ಮೊಟ್ಟೆಗಳನ್ನು ತೆಗೆಯಬೇಕಾಗುತ್ತದೆ. ಆಗ ಲೆಕ್ಕ ತಪ್ಪದಿರಲು ಮೊದಲ ದಿನವೇ ಪ್ರತಿ ಮೊಟ್ಟೆಯ ಮೇಲೆ ಅದರ ತೂಕವನ್ನು ಪೆನ್ಸಿಲಿನಲ್ಲಿ ಬರೆದಿಡಿ. ಟಾರ್ಚ್ ಬೆಳಕಲ್ಲಿ ಗಾಳಿ ಜಾಗದ ಗೆರೆಯನ್ನೂ ಪೆನ್ಸಿಲಿನಲ್ಲಿ ಎಳೆಯಿರಿ. ತಕ್ಕಡಿ ಇಲ್ಲದವರಿಗೆ ಈ ಗೆರೆಯೇ ದಾರಿ. 18ನೇ ದಿನಕ್ಕೆ ಮೊಟ್ಟೆಯ ಸುಮಾರು ಮೂರರಲ್ಲೊಂದು ಭಾಗ ಗಾಳಿಯಾಗಿರಬೇಕು. ಮೊಟ್ಟೆ ತೊಳೆಯಲೇಬೇಡಿ. ಮೇಲಿನ ಸಣ್ಣ ಪದರ ಹೋದರೆ ನೀರು ಬೇಗ ಸೋರುತ್ತದೆ, ಕೀಟಾಣುವೂ ಒಳಗೆ ಹೋಗುತ್ತದೆ.

ಒಂದು ದಿನ ಮೀಟರ್ 38ಕ್ಕೆ ಬಿತ್ತು, ಮರುದಿನ 58ಕ್ಕೆ ಏರಿತು ಅಂತ ಗಾಬರಿಯಾಗಬೇಡಿ. ಮೊಟ್ಟೆ ದಿನದ ಲೆಕ್ಕ ಇಡುವುದಿಲ್ಲ, 18 ದಿನದ ಒಟ್ಟು ಲೆಕ್ಕ ಸರಿಯಿದ್ದರೆ ಸಾಕು. ಬಿಸಿ ಹಾಗಲ್ಲ, ಅದರಲ್ಲಿ ಒಂದು ಡಿಗ್ರಿ ಏರಿದರೂ ನಾನು ನಿದ್ದೆ ಮಾಡುವುದಿಲ್ಲ.

ಅಲ್ಲಿಯವರೆಗೆ ದಿನಾ ಮಾಡುತ್ತಿದ್ದ ಮೊಟ್ಟೆ ತಿರುಗಿಸುವ ಕೆಲಸ 18ನೇ ದಿನ ನಿಲ್ಲುತ್ತದೆ. ಇಲ್ಲಿ ನೀರು ಜಾಸ್ತಿ ಮಾಡಬೇಕು, ಮಳೆಗಾಲದಲ್ಲೂ. ಈಗ ಉದ್ದೇಶ ಬೇರೆ: ಮರಿ ಕುಟ್ಟುವಾಗ ಪೊರೆ ಒಣಗಬಾರದು. ಅಗಲ ತಟ್ಟೆ, ಎರಡು ಸ್ಪಂಜು, ಮೇಲೆ ಜಾಲರಿ. ಜಾಲರಿ ಮರೆತರೆ ಹುಟ್ಟಿದ ಮರಿ ನೀರಿಗೆ ಬಿದ್ದು ಸಾಯುತ್ತದೆ. ಮೊದಲ ಮರಿಗಳು ಬಂದ ಮೇಲೆ ಅವುಗಳ ಒದ್ದೆ ಮೈಯಿಂದಲೇ ತೇವ ಏರುತ್ತದೆ, ಡಬ್ಬಿಯ ಗಾಜಿನ ಕಿಟಕಿಗೆ ನೀರು ಕಟ್ಟುತ್ತದೆ. ಆಗ ಒಂದು ತೂತು ಹೆಚ್ಚಿಗೆ ತೆರೆಯಿರಿ.

ಮುಚ್ಚಳ ಮಾತ್ರ ತೆರೆಯಬೇಡಿ. ಕುಟ್ಟಿದ ಮೇಲೆ ಹೊರಬರಲು 12ರಿಂದ 24 ತಾಸು ಬೇಕು. ನಮ್ಮತ್ತೆ ‘ಪಾಪ, ಸ್ವಲ್ಪ ಬಿಡಿಸಿಕೊಡೇ’ ಅನ್ನುತ್ತಲೇ ಇರುತ್ತಾರೆ. ಒಂದು ಮರಿಗೆ ಸಹಾಯ ಮಾಡಲು ತೆರೆದರೆ ಕುಟ್ಟುತ್ತಿರುವ ಉಳಿದ ಮರಿಗಳ ಪೊರೆ ಒಣಗುತ್ತದೆ. ಮೊದಲು ಬಂದವು ಹಸಿದಿರುತ್ತವೆ ಅನ್ನುವ ಚಿಂತೆಯೂ ಬೇಡ. ಹಳದಿ ಭಾಗ ಹೊಟ್ಟೆಯೊಳಗೇ ಇರುತ್ತದೆ, ಒಂದು ದಿನ ಆರಾಮಾಗಿ ಇರುತ್ತವೆ.

ನನ್ನಜ್ಜಿ ಕಾವಿನ ಬುಟ್ಟಿಯಲ್ಲಿ ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಕಬ್ಬಿಣದ ಮೊಳೆ, ಇದ್ದಿಲು ಇಡುತ್ತಿದ್ದಳು. ನನ್ನ ಡಬ್ಬಿಯಲ್ಲೂ ಒಂದು ಮೊಳೆ ಇದೆ. ಸುಮ್ನೆ, ಇರಲಿ ಅಂತ.

ಮರಿಯಾಗದೆ ಉಳಿದವನ್ನು ಎಸೆಯುವ ಮುಂಚೆ ಮೂಗು ಮುಚ್ಚಿಕೊಂಡಾದರೂ ಒಡೆದು ನೋಡಿ. ಒದ್ದೆ, ಊದಿದ ಮರಿಯಿದ್ದರೆ ಮುಂದಿನ ಸಲ ನೀರು ಕಡಿಮೆ ಮಾಡಿ. ಪೊರೆ ಕಾಗದದ ಹಾಗಿದ್ದು ಮರಿ ಅಂಟಿಕೊಂಡಿದ್ದರೆ ಜಾಸ್ತಿ ಮಾಡಿ. ರಕ್ತನಾಳ ಕಾಣಿಸಿ ಬೆಳವಣಿಗೆ ಮೊದಲ ವಾರದಲ್ಲೇ ನಿಂತಿದ್ದರೆ ಬಿಸಿಯನ್ನು ಪರೀಕ್ಷಿಸಿ. ಸ್ಪಂಜು ಎಸೆದು, ತಟ್ಟೆ ಕುದಿನೀರಲ್ಲಿ ತೊಳೆದು, ಡಬ್ಬಿ ಒರೆಸಿ ಒಣಗಿಸಿ.

ನನ್ನ ನೋಟ್‌ಬುಕ್ಕಿನ ಎರಡು ಸಾಲು: ‘ತವರು, ಜುಲೈ: 18 ದಿನ ನೀರಿಲ್ಲ. ಆಮೇಲೆ ಒಂದು ತಟ್ಟೆ.’ ‘ಹಿರಿಯೂರು, ಮಾರ್ಚ್: ಊಟದ ತಟ್ಟೆ, ಒಂದು ಸ್ಪಂಜು, ಬೆಳಿಗ್ಗೆ ಸಂಜೆ ನೀರು.’