ಮಳೆ ಪಕ್ಕದ ಹಳ್ಳಕ್ಕೆ ಬಿದ್ದಿತ್ತು

ಹಳ್ಳದ ಪ್ರವಾಹವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಅನ್ನು ಮೊದಲ ಸಲ ಓಡಿಸಿದಾಗ ಪ್ರವಾಹವೇ ಬರಲಿಲ್ಲ. ನಿಜದಲ್ಲಿ ಆ ದಿನ ಬತ್ತಿದ್ದ ಹಳ್ಳ ಎರಡೇ ಗಂಟೆಯಲ್ಲಿ ದಡ ಮೀರಿ ಹರಿದಿತ್ತು. ನನ್ನ ಗ್ರಾಫಿನಲ್ಲಿ ಮಾತ್ರ ಸೊನ್ನೆಯ ಗೆರೆ.

ಬಳಸಿದ್ದು ಎರಡು ಮಾಡೆಲ್: ಮಳೆಗೆ ಹವಾಮಾನದ ಮಾಡೆಲ್ ಡಬ್ಲ್ಯೂಆರ್‌ಎಫ್, ನೆಲದ ಮೇಲಿನ ನೀರಿನ ಹರಿವಿಗೆ ಡಬ್ಲ್ಯೂಆರ್‌ಎಫ್-ಹೈಡ್ರೋ. ಎರಡೂ ಪ್ರದೇಶವನ್ನು ಚೌಕಗಳ ಗ್ರಿಡ್ ಆಗಿ ಹಂಚಿಕೊಳ್ಳುತ್ತವೆ: ಮೊದಲನೆಯದಕ್ಕೆ 1 ಕಿ.ಮೀ. ಚೌಕ, ಎರಡನೆಯದಕ್ಕೆ 100 ಮೀಟರ್. ಅಂದರೆ ಮಳೆಯ ಒಂದು ಚೌಕದಡಿ ನೆಲದ 100 ಚೌಕ. ಇವೆರಡನ್ನೂ ಜೋಡಿಸುವುದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ಅದು ವಾರದಲ್ಲೇ ಮುಗಿಯಿತು. ತಿಂಗಳುಗಟ್ಟಲೆ ಕಾಡಿದ್ದು ಬೇರೆ.

ಒಣ ನೆಲದ ಮಣ್ಣೊಳಗೆ ನೀರಿಗೆ ಬೇಕಾದಷ್ಟು ಜಾಗ ಇರುತ್ತದೆ. ಆದರೆ ಮೇಲ್ಪದರ ಗಟ್ಟಿ. ಬಿರುಸಾಗಿ ಹೊಡೆಯುವ ಮಳೆಗೆ ಇಂಗಲು ಪುರುಸೊತ್ತೇ ಇರುವುದಿಲ್ಲ, ಮೇಲಿಂದಲೇ ಓಡುತ್ತದೆ. ಮಾಡೆಲ್‌ನಲ್ಲಿ ಇದನ್ನು ಹಿಡಿಯುವ ಒಂದು ಅಂಕಿ ರೆಫ್‌ಕೆಡಿಟಿ. ಮೊದಲೇ ಇಟ್ಟಿರುವ ಬೆಲೆ 3. ಇಳಿಸಿದಷ್ಟೂ ಇಂಗುವುದು ಕಡಿಮೆ, ಹರಿಯುವುದು ಜಾಸ್ತಿ. ನಾನು 0.5ಕ್ಕೆ ಇಳಿಸಿದೆ. ಪ್ರವಾಹ ಬಂತು! ಖುಷಿಯಲ್ಲಿ ಇನ್ನೊಂದು ಮಳೆಗೆ ಹಾಕಿ ನೋಡಿದರೆ, ಅಳೆದದ್ದಕ್ಕಿಂತ ದುಪ್ಪಟ್ಟು ನೀರು.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಿದ್ದ ಕೆಲಸ. ಮಾಡೆಲ್‌ನ ಮಳೆಯನ್ನು ಮಳೆಮಾಪಕದ ಲೆಕ್ಕದ ಪಕ್ಕ ಇಟ್ಟೆ. ಉಪಗ್ರಹಗಳಿಂದ ಮಳೆ ಅಂದಾಜಿಸುವ ಐಮರ್ಗ್ ಮಾಹಿತಿಯನ್ನೂ ನೋಡಿದೆ. ಅದು ಅರ್ಧ ಗಂಟೆಗೊಮ್ಮೆ ಸಿಗುತ್ತದೆ, ಆದರೆ ಅದರ ಚೌಕ ಸುಮಾರು 10 ಕಿ.ಮೀ., ಸಣ್ಣ ಹಳ್ಳಕ್ಕೆ ತೀರಾ ಒರಟು. ಆದರೂ ವಿಷಯ ಕಂಡಿತು. ಮಾಡೆಲ್‌ನಲ್ಲಿ ಮೋಡ ಸರಿಯಾಗೇ ಹುಟ್ಟಿದೆ, ಹೊತ್ತೂ ಸರಿ, ಬಿದ್ದದ್ದು ಮಾತ್ರ 15 ಕಿ.ಮೀ. ಆಚೆ, ಪಕ್ಕದ ಜಲಾನಯನಕ್ಕೆ. ಇಲ್ಲದ ಮಳೆಯ ಬದಲಿಗೆ ನಾನು ನೆಲವನ್ನು ಕಲ್ಲು ಮಾಡಿದ್ದೆ, ಅಷ್ಟೇ.

ಹಾಗಾಗಿ ಮಳೆಯ ಮಾಡೆಲ್, ಹರಿವಿನ ಮಾಡೆಲ್ ಎರಡನ್ನೂ ಬೇರೆ ಬೇರೆ ಮಾಡಿದೆ. ಅಳೆದ ಮಳೆಯನ್ನೇ ಕೊಟ್ಟು ನೆಲದ ಅಂಕಿಗಳನ್ನು ಕೂರಿಸಿದೆ. ರೆಫ್‌ಕೆಡಿಟಿ 1ರ ಆಸುಪಾಸು ನಿಂತಿತು. ಇಂಗಿದ ನೀರನ್ನು ಕೂಡಿಟ್ಟು ನಿಧಾನಕ್ಕೆ ಹಳ್ಳಕ್ಕೆ ಬಿಡುವ, ಮಾಡೆಲ್‌ನ ಅಂತರ್ಜಲದ ಬಕೆಟ್ ಮುಚ್ಚಿದೆ, ಇಲ್ಲದಿದ್ದರೆ ಬೇಸಿಗೆಯಲ್ಲೂ ಹಳ್ಳ ಸುಮ್ನೆ ತೊಟ್ಟಿಕ್ಕುತ್ತಿತ್ತು. ಇದಾದ ಮೇಲೆಯೇ ಡಬ್ಲ್ಯೂಆರ್‌ಎಫ್ ಮತ್ತೆ ಜೋಡಿಸಿದ್ದು. ಅದನ್ನೂ ಒಂದೇ ಸಲ ಅಲ್ಲ. ಮಾಡೆಲ್ ಶುರುವಾಗುವ ಹೊತ್ತು, ಮೋಡ-ಮಳೆ ಲೆಕ್ಕ ಹಾಕುವ ವಿಧಾನ (ಸ್ಕೀಮ್) ಬದಲಿಸಿ ಎಂಟು ಸಲ ಓಡಿಸಿದೆ. ಮೂರರಲ್ಲಿ ಪ್ರವಾಹ ಬಂತು, ಐದರಲ್ಲಿ ಇಲ್ಲ. ವರದಿಯಲ್ಲೂ ಹಾಗೇ ಬರೆದೆ.

ಇನ್ನೊಂದು ತಲೆನೋವು ಮರಳು. ಹಳ್ಳದ ಹರಿವು ಅಳೆಯುವ ಮೇಲಿನ ಕೇಂದ್ರದಲ್ಲಿ ಮಾಡೆಲ್‌ನ ಹರಿವು ಸರಿ, ಕೆಳಗಿನದರಲ್ಲಿ ವಿಪರೀತ ಜಾಸ್ತಿ. ನಿಜವಾದ ಹಳ್ಳದ ತಳ ದಾರಿಯುದ್ದಕ್ಕೂ ನೀರು ಕುಡಿಯುತ್ತದೆ, ಅಲ್ವಾ? ನಾನು ಬಳಸಿದ ಗ್ರಿಡ್ ವಿಧಾನದಲ್ಲಿ ಹಳ್ಳಕ್ಕೆ ಇಳಿದ ನೀರು ಮತ್ತೆ ಇಂಗುವುದೇ ಇಲ್ಲ. ಹಳ್ಳದ ಒದ್ದೆಯಾದ ಅಗಲಕ್ಕೆ ತಕ್ಕಂತೆ ಲೆಕ್ಕದ ಪ್ರತಿ ಹೆಜ್ಜೆಗೂ ಒಂದಿಷ್ಟು ನೀರು ಕಳೆಯುವ ನಾಲ್ಕು ಸಾಲು ಕೋಡ್ ಸೇರಿಸಿದೆ.

ಜೋಡಿಸಿ ಓಡಿಸಿದಾಗ ಕೆಳಗಿನ ಕೇಂದ್ರಕ್ಕೆ ನೀರು ಈಗಲೂ ಅರ್ಧ ಗಂಟೆ ಮುಂಚೆ ತಲುಪುತ್ತದೆ. ನೀರಿನ ಓಟ ತಡೆಯುವ, ಹಳ್ಳದ ಒರಟುತನದ ಅಂಕಿ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ, ಗೊತ್ತು. ಕೈ ಹಾಕಿಲ್ಲ. ಮಾಡೆಲ್‌ನ ಮಳೆಯೇ ಅರ್ಧ ಗಂಟೆ ಬೇಗ ಶುರುವಾಗಿದೆಯಾ ಅಂತ ಮೊದಲು ನೋಡಬೇಕು.