ಜೋಗಕ್ಕೆ ಹೊರಟ ದಂಪತಿಗಳಿಗೆ ಒಂದು ಸಲಹೆ

ಮಳೆಗಾಲದಲ್ಲಿ ಜೋಗಕ್ಕೆ ಹೋಗುವ ದಂಪತಿಗಳು ದಯವಿಟ್ಟು ಆ ದಿನ ಬೇರೆ ನಾಲ್ಕು ಊರುಗಳನ್ನು ತುರುಕಿಕೊಳ್ಳಬೇಡಿ. ಶರಾವತಿ 253 ಮೀಟರ್ ಧುಮುಕುವ ಕಣಿವೆಯಲ್ಲಿ ಮಂಜು ಯಾವಾಗ ಕವಿಯುತ್ತದೆ, ಯಾವಾಗ ಸರಿಯುತ್ತದೆ ಎಂದು ಹೇಳಲಾಗದು. ಎಷ್ಟೋ ಜನ ಬಿಳಿಯ ಪರದೆ ನೋಡಿ, ಬೇಸರಪಟ್ಟು, ಕಾರು ಹತ್ತಿಬಿಡುತ್ತಾರೆ. ಅದು ನನಗೆ ನಿಜಕ್ಕೂ ಸಂಕಟ. ಕಾಯಿರಿ. ಗಾಳಿ ಬೀಸಿದರೆ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕೂ ಧಾರೆಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ಮತ್ತೆ ಮುಚ್ಚಿಕೊಳ್ಳುವುದರೊಳಗೆ ಕಣ್ತುಂಬ ನೋಡಿ, ಫೋಟೋ ಆಮೇಲೆ.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಬೆಳಿಗ್ಗೆ ಇಳಿದು ನೇರ ಜೋಗಕ್ಕೆ ಹೋದರೆ ದಿನವಿಡೀ ನಿಮ್ಮದೇ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ಹಿಡಿದಿಡುವುದರಿಂದ ಬೇಸಿಗೆಯಲ್ಲಿ ಧಾರೆ ತೀರಾ ಸೊರಗಿರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ.

ಕೊಡೆಯನ್ನು ಗಾಳಿ ಮಡಚಿಹಾಕುತ್ತದೆ, ರೇನ್‌ಕೋಟ್ ತನ್ನಿ. ಒಂದೊಂದು ಜೊತೆ ಒಣಬಟ್ಟೆ, ಜಾರದ ಚಪ್ಪಲಿ ಇರಲಿ. ಬಂಡೆಗಳ ಅಂಚಿಗೆ ಮಾತ್ರ ಹೋಗಲೇಬೇಡಿ, ಪಾಚಿ ಕಣ್ಣಿಗೆ ಕಾಣುವುದಿಲ್ಲ. ಕಣಿವೆಗೆ ಇಳಿಯುವ ಮೆಟ್ಟಿಲುಗಳನ್ನು ಮಳೆ ಜೋರಾದಾಗ ಮುಚ್ಚುತ್ತಾರೆ, ಹಟ ಮಾಡಬೇಡಿ. ಹೊತ್ತು ಉಳಿದರೆ ಆಚೆ ದಡದ ಬ್ರಿಟಿಷ್ ಬಂಗಲೆಯ ಕಡೆ ಹೋಗಿ, ನೋಟವೇ ಬೇರೆ.